ಗೋಧಿಯ ಕರಗುವ ನಾರು

ಗೋಧಿಯ ಕರಗುವ ನಾರು ಎಂಬುದು ಗೋಧಿಯಿಂದ ದೊರೆಯುವ, ನೀರಿನಲ್ಲಿ ಕರಗುವ, ಮನುಷ್ಯನ ಸಣ್ಣ ಕರುಳಿನಲ್ಲಿ ಪೂರ್ಣವಾಗಿ ಜೀರ್ಣವಾಗದ ಕಾರ್ಬೋಹೈಡ್ರೇಟ್‌ಗಳಿಗೆ ಇರುವ ಸಾಮಾನ್ಯ ಹೆಸರು. ಆರೋಗ್ಯ ಆಹಾರಗಳ ಮತ್ತು ಪೂರಕ ಆಹಾರಗಳ ಪೊಟ್ಟಣಗಳ ಮೇಲೆ ಈ ಹೆಸರು ಕಂಡುಬಂದಾಗ ಅದು ಬಹುಮಟ್ಟಿಗೆ ಗೋಧಿ ಡೆಕ್ಸ್‌ಟ್ರಿನ್ ಎಂಬ ಬಿಳಿಯ ಪುಡಿಯನ್ನು ಸೂಚಿಸುತ್ತದೆ. ಈ ಪುಡಿ ಗೋಧಿಯ ಹೊಟ್ಟಿನಿಂದ ಬೇರ್ಪಡಿಸಿದ ನಾರಲ್ಲ. ಗೋಧಿಯ ಪಿಷ್ಟವನ್ನು ಆಮ್ಲ ಮತ್ತು ಶಾಖಗಳಿಂದ ಮಾರ್ಪಡಿಸಿ ತಯಾರಿಸಿದ ವಸ್ತುವಾಗಿದೆ.

ಇದರ ಹೊರತಾಗಿ ಗೋಧಿ ಕಾಳಿನಲ್ಲಿ ಸಹಜವಾಗಿಯೇ ಸ್ವಲ್ಪ ಪ್ರಮಾಣದ ಕರಗುವ ನಾರು ಇರುತ್ತದೆ. ಗೋಧಿಯಿಂದ ಅರಾಬಿನೊಕ್ಸೈಲಾನ್ ಎಂಬ ನಾರನ್ನು ಬೇರ್ಪಡಿಸಿ ಸಾಂದ್ರ ರೂಪದಲ್ಲಿ ಬಳಸುವುದೂ ಉಂಟು. ಈ ಮೂರೂ ‘ಗೋಧಿಯ ನಾರು’ ಎಂಬ ಒಂದೇ ಹೆಸರಿನಲ್ಲಿ ವ್ಯವಹರಿಸಲ್ಪಡುವುದರಿಂದ, ಒಂದರ ಗುಣವನ್ನು ಮತ್ತೊಂದಕ್ಕೆ ಆರೋಪಿಸುವ ತಪ್ಪು ಸಾಮಾನ್ಯವಾಗಿದೆ. ಮಧುಮೇಹ, ಮಲಬದ್ಧತೆ ಅಥವಾ ಸೀಲಿಯಾಕ್ ಕಾಯಿಲೆ ಇರುವವರಿಗೆ ಈ ವ್ಯತ್ಯಾಸವನ್ನು ತಿಳಿದುಕೊಳ್ಳುವುದು ಅವಶ್ಯಕ. ಉತ್ತರ ಕರ್ನಾಟಕದಲ್ಲಿ ಬೆಳೆಯುವ ಜವೆ ಗೋಧಿ ಅಥವಾ ಖಪಲಿ ಗೋಧಿಯ ವಿಷಯದಲ್ಲಿಯೂ ಇಂತಹದೇ ಗೊಂದಲವಿದೆ.

ಆಹಾರದ ನಾರು: ಪರಿಭಾಷೆ

‘ಆಹಾರದ ನಾರು’ ಎಂಬ ಅರ್ಥದ ಪದವನ್ನು 1953ರಲ್ಲಿ ಹಿಪ್ಸ್‌ಲಿ ಎಂಬ ವೈದ್ಯರು ಮೊದಲಿಗೆ ಬಳಸಿದರು. 1970ರ ದಶಕದಲ್ಲಿ ಡೆನಿಸ್ ಬರ್ಕಿಟ್ ಮತ್ತು ಹ್ಯೂ ಟ್ರೋವೆಲ್ ಎಂಬ ವೈದ್ಯರು ಆಫ್ರಿಕಾದಲ್ಲಿನ ತಮ್ಮ ಅನುಭವದ ಆಧಾರದ ಮೇಲೆ, ನಾರು ಕಡಿಮೆಯಾದ ಆಹಾರಕ್ಕೂ ಕರುಳಿನ ಹಾಗೂ ಹೃದಯದ ಕಾಯಿಲೆಗಳಿಗೂ ಇರಬಹುದಾದ ಸಂಬಂಧವನ್ನು ಮುಂದಿಟ್ಟರು. ಅಂದಿನವರೆಗೆ ನಾರು ಎಂದರೆ ಸಸ್ಯದ ಜೀವಕೋಶಗಳ ಗೋಡೆಯ ಜೀರ್ಣವಾಗದ ಭಾಗ ಎಂಬಷ್ಟೇ ಅರ್ಥವಿತ್ತು.

ಕಾರ್ಖಾನೆಗಳಲ್ಲಿ ಜೀರ್ಣವಾಗದ ಕಾರ್ಬೋಹೈಡ್ರೇಟ್‌ಗಳನ್ನು ತಯಾರಿಸುವುದು ಸಾಧ್ಯವಾದ ಮೇಲೆ ಈ ಅರ್ಥ ವಿಸ್ತಾರಗೊಂಡಿತು. ಅಂತರರಾಷ್ಟ್ರೀಯ ಆಹಾರ ಮಾನಕ ಸಂಸ್ಥೆಯಾದ ಕೋಡೆಕ್ಸ್ 2009ರಲ್ಲಿ ಅಂಗೀಕರಿಸಿದ ವ್ಯಾಖ್ಯೆಯ ಪ್ರಕಾರ, ಹತ್ತು ಅಥವಾ ಅದಕ್ಕಿಂತ ಹೆಚ್ಚು ಸಕ್ಕರೆ ಘಟಕಗಳ ಸರಪಳಿಯಾಗಿದ್ದು ಸಣ್ಣ ಕರುಳಿನ ಕಿಣ್ವಗಳಿಂದ ಒಡೆಯದ ಕಾರ್ಬೋಹೈಡ್ರೇಟ್ ಆಹಾರದ ನಾರು ಎನಿಸುತ್ತದೆ. ಮೂರರಿಂದ ಒಂಬತ್ತು ಘಟಕಗಳ ಸರಪಳಿಗಳನ್ನು ಸೇರಿಸಬೇಕೇ ಬೇಡವೇ ಎಂಬುದನ್ನು ಆಯಾ ದೇಶಗಳ ನಿರ್ಧಾರಕ್ಕೆ ಬಿಡಲಾಗಿದೆ. ಈ ವ್ಯಾಖ್ಯೆ ನಾರನ್ನು ಮೂರು ವರ್ಗಗಳಾಗಿ ವಿಂಗಡಿಸುತ್ತದೆ:

1. ಆಹಾರದಲ್ಲಿ ಸಹಜವಾಗಿ ಇರುವ ನಾರು.
2. ಆಹಾರವಸ್ತುವಿನಿಂದ ಬೇರ್ಪಡಿಸಿ ತೆಗೆದ ನಾರು.
3. ಕೃತಕವಾಗಿ ತಯಾರಿಸಿದ ನಾರು.

ಎರಡನೆಯ ಮತ್ತು ಮೂರನೆಯ ವರ್ಗದ ನಾರುಗಳಿಗೆ ದೇಹಕ್ಕೆ ಉಪಯುಕ್ತವಾದ ಪರಿಣಾಮವಿದೆ ಎಂಬುದನ್ನು ವೈಜ್ಞಾನಿಕವಾಗಿ ತೋರಿಸಬೇಕೆಂಬ ನಿಬಂಧನೆ ಇದೆ. ಮೊದಲನೆಯ ವರ್ಗಕ್ಕೆ ಈ ನಿಬಂಧನೆ ಇಲ್ಲ.

ನೀರಿನಲ್ಲಿನ ವರ್ತನೆಯನ್ನು ಅನುಸರಿಸಿ ನಾರನ್ನು ಕರಗುವ ನಾರು ಮತ್ತು ಕರಗದ ನಾರು ಎಂದು ವಿಂಗಡಿಸುವುದು ಹಳೆಯ ರೂಢಿ. ಆದರೆ ಕರಗುವ ನಾರುಗಳೆಲ್ಲವೂ ಒಂದೇ ಬಗೆಯವಲ್ಲ. ಇಸಬ್‌ಗೋಲ್ ನೀರಿನಲ್ಲಿ ಲೋಳೆಯಾಗುತ್ತದೆ. ಗೋಧಿ ಡೆಕ್ಸ್‌ಟ್ರಿನ್ ಯಾವ ಗುರುತೂ ಉಳಿಯದಂತೆ ಕರಗಿಹೋಗುತ್ತದೆ. ಈ ಭೇದವು ಮುಂದೆ ವಿವರಿಸಲಾದ ಆರೋಗ್ಯ ಪರಿಣಾಮಗಳಿಗೆ ಮೂಲವಾಗಿದೆ.

ಗೋಧಿ ಕಾಳಿನಲ್ಲಿರುವ ಸಹಜ ನಾರು

ಗೋಧಿ ಕಾಳಿನಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ: ಹೊರಗಿನ ಹೊಟ್ಟು, ಒಳಗಿನ ಪಿಷ್ಟಭರಿತ ತಿರುಳು ಮತ್ತು ಮೊಳಕೆಯಾಗುವ ಅಂಕುರ. ನಾರಿನ ಹೆಚ್ಚಿನ ಪಾಲು ಹೊಟ್ಟಿನಲ್ಲಿದ್ದು, ಅದರ ಬಹುಭಾಗ ಕರಗದ ನಾರಾಗಿದೆ. ಕರಗುವ ಭಾಗದಲ್ಲಿ ನೀರಿನಲ್ಲಿ ಬಿಡುವ ಅರಾಬಿನೊಕ್ಸೈಲಾನ್, ಫ್ರಕ್ಟಾನ್ ಮತ್ತು ಅಲ್ಪ ಪ್ರಮಾಣದ ಬೀಟಾ ಗ್ಲೂಕಾನ್ ಸೇರಿವೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕಗಳ ಪ್ರಕಾರ, 100 ಗ್ರಾಂ ಧಾನ್ಯ ಅಥವಾ ಹಿಟ್ಟಿನಲ್ಲಿರುವ ನಾರಿನ ಪ್ರಮಾಣ ಸುಮಾರಾಗಿ ಹೀಗಿದೆ:

– ಹೊಟ್ಟು ಸಹಿತವಾದ ಗೋಧಿ ಹಿಟ್ಟು: ಒಟ್ಟು ನಾರು 11.4 ಗ್ರಾಂ; ಅದರಲ್ಲಿ ಕರಗುವ ನಾರು 1.6 ಗ್ರಾಂ
– ಮೈದಾ: ಒಟ್ಟು 2.8 ಗ್ರಾಂ, ಕರಗುವ ನಾರು 0.6 ಗ್ರಾಂ
– ಜೋಳ: ಒಟ್ಟು 10.2 ಗ್ರಾಂ, ಕರಗುವ ನಾರು 1.7 ಗ್ರಾಂ
– ಸಜ್ಜೆ: ಒಟ್ಟು 11.5 ಗ್ರಾಂ, ಕರಗುವ ನಾರು 2.3 ಗ್ರಾಂ
– ರಾಗಿ: ಒಟ್ಟು 11.2 ಗ್ರಾಂ, ಕರಗುವ ನಾರು 1.7 ಗ್ರಾಂ
– ಪಾಲಿಶ್ ಮಾಡಿದ ಅಕ್ಕಿ: ಒಟ್ಟು 2.8 ಗ್ರಾಂ, ಕರಗುವ ನಾರು 0.8 ಗ್ರಾಂ

ಈ ಅಂಕಿಗಳಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಗೋಧಿಯು ಸಹಜವಾಗಿ ಕರಗುವ ನಾರಿನ ಆಗರವೇನಲ್ಲ. ಅದರ ಹೆಚ್ಚಿನ ನಾರು ಕರಗದ ಬಗೆಯದು. ಎರಡನೆಯದಾಗಿ, ಹೊಟ್ಟನ್ನು ತೆಗೆದು ಮೈದಾ ಮಾಡಿದಾಗ ಒಟ್ಟು ನಾರಿನ ಮುಕ್ಕಾಲು ಭಾಗ ಕಳೆದುಹೋಗುತ್ತದೆ.

ಗೋಧಿ ಡೆಕ್ಸ್‌ಟ್ರಿನ್ ತಯಾರಿಕೆ

ಗೋಧಿ ಹಿಟ್ಟನ್ನು ನಾದಿ, ಆ ಕಣಕವನ್ನು ನೀರಿನಲ್ಲಿ ಹಿಚುಕಿ ತೊಳೆದರೆ ಬಿಳಿಯ ಹಾಲಿನಂತಹ ನೀರು ಹೊರಬರುತ್ತದೆ ಮತ್ತು ಕೈಯಲ್ಲಿ ಅಂಟಂಟಾದ ಉಂಡೆಯೊಂದು ಉಳಿಯುತ್ತದೆ. ಬಿಳಿಯ ನೀರಿನಲ್ಲಿರುವುದು ಪಿಷ್ಟ, ಉಳಿದ ಉಂಡೆ ಗ್ಲುಟೆನ್ ಎಂಬ ಪ್ರೋಟೀನು. ಕಾರ್ಖಾನೆಯಲ್ಲಿಯೂ ಇದೇ ತತ್ತ್ವದ ಮೇಲೆ ಪಿಷ್ಟವನ್ನೂ ಗ್ಲುಟೆನ್ನನ್ನೂ ಬೇರ್ಪಡಿಸಲಾಗುತ್ತದೆ.

ಹೀಗೆ ದೊರೆತ ಒಣ ಪಿಷ್ಟಕ್ಕೆ ಅಲ್ಪ ಪ್ರಮಾಣದ ಆಮ್ಲವನ್ನು ಸೇರಿಸಿ ಅಧಿಕ ಶಾಖದಲ್ಲಿ ಹುರಿಯಲಾಗುತ್ತದೆ. ಪಿಷ್ಟವು ಗ್ಲೂಕೋಸ್ ಘಟಕಗಳು ಒಂದಕ್ಕೊಂದು ಕೂಡಿಕೊಂಡಿರುವ ಸರಪಳಿ. ಅದರಲ್ಲಿನ ಕೊಂಡಿಗಳು ಮುಖ್ಯವಾಗಿ ಆಲ್ಫಾ 1,4 ಬಗೆಯವು, ಕವಲೊಡೆಯುವ ಕಡೆ ಆಲ್ಫಾ 1,6 ಬಗೆಯವು. ಮನುಷ್ಯನ ಜೊಲ್ಲಿನಲ್ಲಿ ಹಾಗೂ ಸಣ್ಣ ಕರುಳಿನಲ್ಲಿ ಕೆಲಸ ಮಾಡುವ ಕಿಣ್ವಗಳು ಈ ಕೊಂಡಿಗಳನ್ನು ಕತ್ತರಿಸಬಲ್ಲವು. ಆಮ್ಲ ಮತ್ತು ಶಾಖದ ಪ್ರಭಾವದಿಂದ ಸರಪಳಿಗಳು ಮೊದಲು ತುಂಡಾಗಿ, ಬಳಿಕ ಬೇರೆ ರೀತಿಯಲ್ಲಿ ಮರುಜೋಡಣೆಗೊಳ್ಳುತ್ತವೆ. ಆಗ 1,2 ಮತ್ತು 1,3 ಬಗೆಯ ಹೊಸ ಕೊಂಡಿಗಳು ಉಂಟಾಗುತ್ತವೆ. ಇವನ್ನು ನಮ್ಮ ಕಿಣ್ವಗಳು ಒಡೆಯಲಾರವು. ಜೀರ್ಣವಾಗುವ ಪಿಷ್ಟವು ಜೀರ್ಣಕ್ಕೆ ಎದುರು ನಿಲ್ಲುವ ಡೆಕ್ಸ್‌ಟ್ರಿನ್ ಆಗುವುದು ಈ ಬದಲಾವಣೆಯಿಂದ.

ಬಳಿಕ ಈ ವಸ್ತುವನ್ನು ನೀರಿನಲ್ಲಿ ಕರಗಿಸಿ, ಬಣ್ಣ ಮತ್ತು ಕಲ್ಮಶಗಳನ್ನು ತೆಗೆದು, ಉಳಿದಿರುವ ಚಿಕ್ಕ ಸಕ್ಕರೆ ಘಟಕಗಳನ್ನು ಬೇರ್ಪಡಿಸಿ, ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸಿದರೆ ಬಿಳಿಯ ಪುಡಿ ಸಿದ್ಧವಾಗುತ್ತದೆ. ಈ ವರ್ಗದ ಪ್ರಸಿದ್ಧ ಉತ್ಪನ್ನವಾದ ನ್ಯೂಟ್ರಿಯೋಸ್ ಅನ್ನು ಫ್ರಾನ್ಸಿನ ರೊಕೆಟ್ ಕಂಪನಿಯು ತಯಾರಿಸುತ್ತದೆ. ಇದೇ ವಿಧಾನದಿಂದ ಮೆಕ್ಕೆಜೋಳದ ಪಿಷ್ಟದಿಂದಲೂ ಇಂತಹ ಡೆಕ್ಸ್‌ಟ್ರಿನ್ ತಯಾರಾಗುತ್ತದೆ.

ಭಾರತದಲ್ಲಿ ಪಿಷ್ಟ ಉದ್ಯಮವು ಮುಖ್ಯವಾಗಿ ಮೆಕ್ಕೆಜೋಳವನ್ನು ಅವಲಂಬಿಸಿದೆ. ಬೆಳಗಾವಿ ಜಿಲ್ಲೆಯ ಗೋಕಾಕದಲ್ಲಿ ರಿದ್ಧಿ ಸಿದ್ಧಿ ಸಂಸ್ಥೆಯು ಸ್ಥಾಪಿಸಿದ್ದ ಮೆಕ್ಕೆಜೋಳದ ಪಿಷ್ಟದ ಕಾರ್ಖಾನೆಯು 2010ರ ದಶಕದಲ್ಲಿ ರೊಕೆಟ್ ಕಂಪನಿಯ ಪಾಲುದಾರಿಕೆಗೆ ಬಂದಿತು. ಘಟಪ್ರಭಾ ನದಿಯ ಗುಂಟ ಗೋಕಾಕದಿಂದ ಕೆಳಕ್ಕೆ ಬಂದರೆ ಮುಧೋಳ ಸಿಗುತ್ತದೆ. ಈ ಭಾಗದ ರೈತರಿಗೆ ಕಬ್ಬಿನಂತೆಯೇ ಮೆಕ್ಕೆಜೋಳವೂ ಕಾರ್ಖಾನೆಗೆ ಹೋಗುವ ಬೆಳೆಯಾಗಿ ಪರಿಚಿತವಾಗಿದೆ.

ಗುಣಗಳು ಮತ್ತು ಬಳಕೆ

ಗೋಧಿ ಡೆಕ್ಸ್‌ಟ್ರಿನ್‌ಗೆ ಬಣ್ಣ, ವಾಸನೆಗಳಿಲ್ಲ. ರುಚಿಯೂ ಬಹುತೇಕ ಇಲ್ಲ. ಇದು ನೀರನ್ನು ಗಟ್ಟಿಯಾಗಿಸುವುದಿಲ್ಲ. ಬೇಯಿಸಿದಾಗ ಹಾಗೂ ಹುಳಿ ಪದಾರ್ಥಗಳಲ್ಲಿ ಬೆರೆಸಿದಾಗ ಕೆಡದೆ ಉಳಿಯುತ್ತದೆ. ಸಾಮಾನ್ಯ ಪಿಷ್ಟ ಹಾಗೂ ಸಕ್ಕರೆಗಳಿಂದ ಗ್ರಾಂಗೆ ಸುಮಾರು 4 ಕಿಲೋಕ್ಯಾಲೊರಿ ದೊರೆತರೆ, ಹುದುಗುವ ಕರಗುವ ನಾರಿನಿಂದ ಗ್ರಾಂಗೆ ಸುಮಾರು 2 ಕಿಲೋಕ್ಯಾಲೊರಿ ದೊರೆಯುತ್ತದೆ ಎಂದು ಲೆಕ್ಕ ಹಿಡಿಯುವುದು ರೂಢಿ.

ಈ ಗುಣಗಳ ಕಾರಣದಿಂದ ಇದನ್ನು ಬಿಸ್ಕತ್ತು, ಬ್ರೆಡ್, ಪಾನೀಯಗಳು, ಹಾಲಿನ ಉತ್ಪನ್ನಗಳು, ಧಾನ್ಯದ ಉಪಾಹಾರಗಳು ಮುಂತಾದವುಗಳಿಗೆ ಸೇರಿಸಲಾಗುತ್ತದೆ. ಸಕ್ಕರೆ ಅಥವಾ ಕೊಬ್ಬನ್ನು ಕಡಿಮೆ ಮಾಡಿದಾಗ ಉಂಟಾಗುವ ಗಾತ್ರದ ಕೊರತೆಯನ್ನು ತುಂಬುವುದಕ್ಕೂ ಇದು ಉಪಯುಕ್ತ. ನಾರಿನ ಪೂರಕವಾಗಿ ಇದನ್ನು ನೇರವಾಗಿ ನೀರು, ಮಜ್ಜಿಗೆ ಅಥವಾ ಇತರ ಆಹಾರದಲ್ಲಿ ಕಲಸಿ ಸೇವಿಸುವಂತೆ ಪುಡಿಯ ರೂಪದಲ್ಲಿ ಮಾರಲಾಗುತ್ತದೆ. ಸಾಮಾನ್ಯವಾಗಿ ಎರಡು ಟೀ ಚಮಚ ಪುಡಿಯಲ್ಲಿ ಸುಮಾರು 3 ಗ್ರಾಂ ನಾರು ಇರುತ್ತದೆ.

ಅಮೆರಿಕದಲ್ಲಿ ಪ್ರಸಿದ್ಧವಾದ ಬೆನಿಫೈಬರ್ ಎಂಬ ಪೂರಕವು ಮೊದಲಿಗೆ ಗೌರ್ ಅಂಟಿನಿಂದ ತಯಾರಾಗುತ್ತಿತ್ತು. 2006ರ ಸುಮಾರಿಗೆ ಅದರ ಬದಲು ಗೋಧಿ ಡೆಕ್ಸ್‌ಟ್ರಿನ್ ಬಳಕೆಗೆ ಬಂದಿತು. ಗೌರ್ ಎಂದರೆ ದಕ್ಷಿಣ ಕರ್ನಾಟಕದಲ್ಲಿ ಗೋರಿಕಾಯಿ, ಉತ್ತರ ಕರ್ನಾಟಕದಲ್ಲಿ ಚವಳಿಕಾಯಿ ಎಂದು ಪಲ್ಯಕ್ಕೆ ಬಳಸುವ ತರಕಾರಿಯ ಗಿಡ. ಅದರ ಬೀಜದಿಂದ ಈ ಅಂಟು ದೊರೆಯುತ್ತದೆ. ಪೊಟ್ಟಣದ ಹೆಸರು ಬದಲಾಗದೆಯೇ ಒಳಗಿನ ವಸ್ತು ಬದಲಾಗಬಹುದು ಎಂಬುದಕ್ಕೆ ಇದು ನಿದರ್ಶನ. ಆದ್ದರಿಂದ ಉತ್ಪನ್ನದ ಹೆಸರಿಗಿಂತ ಅದರ ಘಟಕಗಳ ಪಟ್ಟಿಯನ್ನು ಓದುವುದು ಮುಖ್ಯ.

ದೇಹದಲ್ಲಿ ನಡೆಯುವ ಕ್ರಿಯೆ

ಸೇವಿಸಿದ ಗೋಧಿ ಡೆಕ್ಸ್‌ಟ್ರಿನ್‌ನಲ್ಲಿ ಸುಮಾರು ಶೇ. 15ರಷ್ಟು ಸಣ್ಣ ಕರುಳಿನಲ್ಲಿ ಜೀರ್ಣವಾಗಿ ಹೀರಲ್ಪಡುತ್ತದೆ. ಸುಮಾರು ಶೇ. 75ರಷ್ಟು ದೊಡ್ಡ ಕರುಳನ್ನು ತಲುಪಿ ಅಲ್ಲಿನ ಸೂಕ್ಷ್ಮಜೀವಿಗಳಿಂದ ನಿಧಾನವಾಗಿ ಹುದುಗುತ್ತದೆ. ಉಳಿದ ಸುಮಾರು ಶೇ. 10 ಮಲದೊಂದಿಗೆ ಹೊರಹೋಗುತ್ತದೆ.

ಹುದುಗುವಿಕೆಯಿಂದ ಅಸಿಟೇಟ್, ಪ್ರೊಪಿಯೊನೇಟ್ ಮತ್ತು ಬ್ಯುಟಿರೇಟ್ ಎಂಬ ಚಿಕ್ಕ ಸರಪಳಿಯ ಕೊಬ್ಬಿನಾಮ್ಲಗಳು ಉಂಟಾಗುತ್ತವೆ. ಇವುಗಳಲ್ಲಿ ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಇಂಧನವಾಗಿದೆ. ಜೊತೆಯಲ್ಲಿ ಅನಿಲವೂ ಉತ್ಪತ್ತಿಯಾಗುತ್ತದೆ. ಡೆಕ್ಸ್‌ಟ್ರಿನ್ ನಿಧಾನವಾಗಿ ಹುದುಗುವುದರಿಂದ, ಬೇಗನೆ ಹುದುಗುವ ಇನ್ಯುಲಿನ್‌ನಂತಹ ನಾರುಗಳಿಗೆ ಹೋಲಿಸಿದರೆ ಹೊಟ್ಟೆಯುಬ್ಬರ ಕಡಿಮೆ. ಆದರೂ ಒಮ್ಮೆಲೇ ಹೆಚ್ಚು ಸೇವಿಸಿದರೆ ವಾಯು, ಹೊಟ್ಟೆಯುಬ್ಬರ ಅಥವಾ ಸಡಿಲ ಮಲ ಉಂಟಾಗಬಹುದು.

ಆರೋಗ್ಯ ಪರಿಣಾಮಗಳು

ಮಲಬದ್ಧತೆ. ನಾರು ಎಂದರೆ ಮಲಬದ್ಧತೆಗೆ ಪರಿಹಾರ ಎಂಬುದು ಸಾಮಾನ್ಯ ನಂಬಿಕೆ. ಆದರೆ ಈ ಪರಿಣಾಮವು ಎರಡು ವಿಧಗಳಿಂದ ಉಂಟಾಗುತ್ತದೆ: ಒರಟಾದ ಕರಗದ ನಾರು ಕರುಳಿನ ಗೋಡೆಯನ್ನು ಪ್ರಚೋದಿಸುತ್ತದೆ, ಇಸಬ್‌ಗೋಲಿನಂತಹ ಲೋಳೆಯ ನಾರು ನೀರನ್ನು ಹಿಡಿದಿಟ್ಟುಕೊಂಡು ಮಲವನ್ನು ಮೃದುವಾಗಿಸುತ್ತದೆ. ಗೋಧಿ ಡೆಕ್ಸ್‌ಟ್ರಿನ್ ಒರಟೂ ಅಲ್ಲ, ಲೋಳೆಯೂ ಆಗುವುದಿಲ್ಲ. ಅದು ಹುದುಗಿ ಮುಗಿಯುವುದರಿಂದ ಮಲದ ಜೊತೆಗೆ ಉಳಿಯುವ ಭಾಗ ಸ್ವಲ್ಪ. ಅಮೆರಿಕದ ಜಠರ-ಕರುಳು ತಜ್ಞರ ಎರಡು ಸಂಘಗಳು 2023ರಲ್ಲಿ ಜಂಟಿಯಾಗಿ ಪ್ರಕಟಿಸಿದ ಮಾರ್ಗದರ್ಶಿಯು, ದೀರ್ಘಕಾಲದ ಮಲಬದ್ಧತೆಗೆ ಪರೀಕ್ಷಿಸಲಾದ ನಾರಿನ ಪೂರಕಗಳಲ್ಲಿ ಇಸಬ್‌ಗೋಲ್ ಮಾತ್ರವೇ ಪರಿಣಾಮಕಾರಿಯಾಗಿ ತೋರುತ್ತದೆ ಎಂದು ಹೇಳಿದೆ.

ರಕ್ತದ ಸಕ್ಕರೆ. ಸಕ್ಕರೆ ಅಥವಾ ಪಿಷ್ಟದ ಬದಲಿಗೆ ಡೆಕ್ಸ್‌ಟ್ರಿನ್ ಬಳಸಿದ ಆಹಾರದಲ್ಲಿ ಜೀರ್ಣವಾಗುವ ಕಾರ್ಬೋಹೈಡ್ರೇಟ್ ಕಡಿಮೆ ಇರುವುದರಿಂದ, ಊಟದ ಬಳಿಕ ರಕ್ತದ ಗ್ಲೂಕೋಸ್ ಏರಿಕೆಯೂ ಕಡಿಮೆಯಾಗುತ್ತದೆ. ಆದರೆ ಎಂದಿನ ಊಟವನ್ನೇ ಮಾಡಿ ಅದರ ಜೊತೆಗೆ ಒಂದು ಚಮಚ ಪುಡಿಯನ್ನು ಕಲಸಿ ಕುಡಿದರೆ ಇದೇ ಫಲವನ್ನು ನಿರೀಕ್ಷಿಸಲಾಗದು. ಊಟದ ಗ್ಲೂಕೋಸ್ ಹೀರಿಕೆಯನ್ನು ನಿಧಾನಗೊಳಿಸುವುದು ಮುಖ್ಯವಾಗಿ ಲೋಳೆಯ ಗುಣವುಳ್ಳ ನಾರುಗಳು. ಬದಲಿಸುವುದಕ್ಕೂ ಸೇರಿಸುವುದಕ್ಕೂ ಇರುವ ಈ ಅಂತರವನ್ನು ಜಾಹೀರಾತುಗಳು ಅಪರೂಪಕ್ಕೆ ವಿವರಿಸುತ್ತವೆ.

ಕೊಲೆಸ್ಟರಾಲ್. ಓಟ್ಸ್ ಮತ್ತು ಬಾರ್ಲಿಗಳಲ್ಲಿರುವ ಬೀಟಾ ಗ್ಲೂಕಾನ್ ದಿನಕ್ಕೆ 3 ಗ್ರಾಂ ಪ್ರಮಾಣದಲ್ಲಿ ರಕ್ತದ ಕೊಲೆಸ್ಟರಾಲನ್ನು ತಗ್ಗಿಸುತ್ತದೆ ಎಂಬುದನ್ನು ಅಮೆರಿಕ ಮತ್ತು ಯುರೋಪಿನ ಆಹಾರ ಪ್ರಾಧಿಕಾರಗಳು ಒಪ್ಪಿವೆ. ಇದೂ ಲೋಳೆಯ ಗುಣದ ಫಲವಾದ್ದರಿಂದ ಇದನ್ನು ಗೋಧಿ ಡೆಕ್ಸ್‌ಟ್ರಿನ್‌ಗೆ ಅನ್ವಯಿಸುವಂತಿಲ್ಲ.

ಅರಾಬಿನೊಕ್ಸೈಲಾನ್

ಅರಾಬಿನೊಕ್ಸೈಲಾನ್ ಗೋಧಿ ಕಾಳಿನ ಜೀವಕೋಶಗಳ ಗೋಡೆಯಲ್ಲಿರುವ ನಿಜವಾದ ನಾರು. ಗೋಧಿಯ ಪಿಷ್ಟ ಮತ್ತು ಗ್ಲುಟೆನ್ ತಯಾರಿಕೆಯ ಉಪಉತ್ಪನ್ನದಿಂದ ಇದನ್ನು ಪಡೆಯಬಹುದು. ಗೋಧಿಯ ಒಳತಿರುಳಿನಿಂದ ತಯಾರಿಸಿದ ಅರಾಬಿನೊಕ್ಸೈಲಾನ್ ಊಟದ ನಂತರದ ರಕ್ತದ ಸಕ್ಕರೆಯ ಏರಿಕೆಯನ್ನು ತಗ್ಗಿಸುತ್ತದೆ ಎಂಬ ಹೇಳಿಕೆಯನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2011ರಲ್ಲಿ ಒಪ್ಪಿಕೊಂಡಿತು. ಅದಕ್ಕೆ ವಿಧಿಸಿದ ಷರತ್ತು, ಊಟದಲ್ಲಿನ ಪ್ರತಿ 100 ಗ್ರಾಂ ಜೀರ್ಣವಾಗುವ ಕಾರ್ಬೋಹೈಡ್ರೇಟಿಗೆ ಅರಾಬಿನೊಕ್ಸೈಲಾನ್ ಸಮೃದ್ಧವಾದ ನಾರು ಕನಿಷ್ಠ 8 ಗ್ರಾಂ ಇರಬೇಕು ಎಂಬುದು. ಇದು ಕೆಲವು ಚಿಟಿಕೆಗಳ ಪ್ರಮಾಣವಲ್ಲ. ಪೊಟ್ಟಣದ ಮೇಲೆ ‘ಗೋಧಿಯ ಕರಗುವ ನಾರು’ ಎಂದಷ್ಟೇ ಇದ್ದರೆ ಅದು ಡೆಕ್ಸ್‌ಟ್ರಿನ್ನೋ ಅರಾಬಿನೊಕ್ಸೈಲಾನೋ ಎಂಬುದು ತಿಳಿಯುವುದಿಲ್ಲ.

ಗ್ಲುಟೆನ್ ಮತ್ತು ಸೀಲಿಯಾಕ್ ಕಾಯಿಲೆ

ಸೀಲಿಯಾಕ್ ಕಾಯಿಲೆ ಇರುವವರಲ್ಲಿ ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳ ಗ್ಲುಟೆನ್ ಪ್ರೋಟೀನು ಸಣ್ಣ ಕರುಳಿನ ಒಳಪದರವನ್ನು ಹಾನಿಗೊಳಿಸುತ್ತದೆ. ಜೀವನಪರ್ಯಂತ ಗ್ಲುಟೆನ್ ರಹಿತ ಆಹಾರವನ್ನು ಸೇವಿಸುವುದೇ ಇದಕ್ಕಿರುವ ಚಿಕಿತ್ಸೆ. ಭಾರತದ ಮೂರು ಪ್ರದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ತರ ಭಾರತದ ವಯಸ್ಕರಲ್ಲಿ ಶೇ. 1.23, ಈಶಾನ್ಯದಲ್ಲಿ ಶೇ. 0.87 ಹಾಗೂ ದಕ್ಷಿಣದಲ್ಲಿ ಶೇ. 0.10ರಷ್ಟು ಈ ಕಾಯಿಲೆಯನ್ನು ಗುರುತಿಸಿತು. ದಕ್ಷಿಣದಲ್ಲಿ ಕಾಯಿಲೆ ವಿರಳವಾದ ಕಾರಣ ಅದರ ಪರಿಚಯವೂ ಜನರಲ್ಲಿ ಕಡಿಮೆ.

ಗೋಧಿ ಡೆಕ್ಸ್‌ಟ್ರಿನ್ ತಯಾರಿಕೆಯಲ್ಲಿ ಗ್ಲುಟೆನ್ನನ್ನು ಮೊದಲೇ ಬೇರ್ಪಡಿಸಿದರೂ ಅದರ ಸೂಕ್ಷ್ಮಾಂಶ ಉಳಿಯಬಹುದು. ಕೋಡೆಕ್ಸ್ ಮಾನಕದಂತೆ ಕಿಲೋಗ್ರಾಂಗೆ 20 ಮಿಲಿಗ್ರಾಂ ಮೀರದಿದ್ದರೆ ಆಹಾರವನ್ನು ಗ್ಲುಟೆನ್ ರಹಿತ ಎಂದು ಕರೆಯಬಹುದು. ಭಾರತದಲ್ಲಿಯೂ ಇದೇ ಮಿತಿ ಜಾರಿಯಲ್ಲಿದೆ. ಚೆನ್ನಾಗಿ ಶುದ್ಧೀಕರಿಸಿದ ಡೆಕ್ಸ್‌ಟ್ರಿನ್ ಈ ಮಿತಿಯೊಳಗೆ ಬರುತ್ತದೆ. ಆದರೆ ಹಾಗೆಂದು ಲೇಬಲಿನಲ್ಲಿ ಸ್ಪಷ್ಟವಾಗಿ ನಮೂದಿಸಿರದ ಉತ್ಪನ್ನವನ್ನು ಸೀಲಿಯಾಕ್ ಕಾಯಿಲೆ ಅಥವಾ ಗೋಧಿಯ ಅಲರ್ಜಿ ಇರುವವರು ಬಳಸಬಾರದು. ಮೆಕ್ಕೆಜೋಳ ಮೂಲದ ಡೆಕ್ಸ್‌ಟ್ರಿನ್‌ನಲ್ಲಿ ಗೋಧಿಯ ಗ್ಲುಟೆನ್‌ನ ಪ್ರಶ್ನೆ ಇರುವುದಿಲ್ಲ.

ಕಾನೂನು ಮತ್ತು ಲೇಬಲ್

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2016ರ ನಿಯಮದ ಮೂಲಕ ಬೇರ್ಪಡಿಸಿದ ಹಾಗೂ ಕೃತಕ ನಾರುಗಳು ಉಪಯುಕ್ತ ಪರಿಣಾಮವನ್ನು ತೋರಿಸಿದರೆ ಮಾತ್ರ ಅವನ್ನು ನಾರಿನ ಲೆಕ್ಕಕ್ಕೆ ಸೇರಿಸಬಹುದೆಂದು ವಿಧಿಸಿತು. 2018ರ ಜೂನ್‌ನಲ್ಲಿ ಈ ಪಟ್ಟಿಗೆ ಸೇರಿಸಲು ಒಪ್ಪಿದ ಎಂಟು ನಾರುಗಳಲ್ಲಿ ಜೀರ್ಣಕ್ಕೆ ಎದುರು ನಿಲ್ಲುವ ಮಾಲ್ಟೊಡೆಕ್ಸ್‌ಟ್ರಿನ್ ಹಾಗೂ ಡೆಕ್ಸ್‌ಟ್ರಿನ್ ವರ್ಗವೂ, ಅರಾಬಿನೊಕ್ಸೈಲಾನ್ ಕೂಡ ಇದ್ದವು.

ಭಾರತದಲ್ಲಿ ಆಹಾರ ಸುರಕ್ಷತೆ ಮತ್ತು ಮಾನಕಗಳ ಪ್ರಾಧಿಕಾರದ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಾವಳಿಯಂತೆ, ಘನ ಆಹಾರದ 100 ಗ್ರಾಂನಲ್ಲಿ ಕನಿಷ್ಠ 3 ಗ್ರಾಂ ನಾರಿದ್ದರೆ ಅದನ್ನು ನಾರಿನ ಮೂಲ ಎಂದೂ, 6 ಗ್ರಾಂ ಇದ್ದರೆ ಅಧಿಕ ನಾರುಳ್ಳದ್ದು ಎಂದೂ ಹೇಳಿಕೊಳ್ಳಬಹುದು. ಮೈದಾದಿಂದ ಮಾಡಿದ ಬಿಸ್ಕತ್ತಿಗೆ ಸಾಕಷ್ಟು ಡೆಕ್ಸ್‌ಟ್ರಿನ್ ಸೇರಿಸಿದರೂ ಅದು ಈ ಅಂಕಿಯನ್ನು ತಲುಪಬಲ್ಲದು. ಹಾಗಾದಾಗ ಹೇಳಿಕೆ ಸುಳ್ಳಾಗುವುದಿಲ್ಲ. ಆದರೆ ಆ ಬಿಸ್ಕತ್ತು ಹೊಟ್ಟು ಸಹಿತವಾದ ಧಾನ್ಯಕ್ಕೆ ಸಮವೂ ಆಗುವುದಿಲ್ಲ. ಹೊಟ್ಟಿನೊಂದಿಗೆ ಹೋದ ಖನಿಜಗಳು ಮತ್ತು ಜೀವಸತ್ವಗಳು ಡೆಕ್ಸ್‌ಟ್ರಿನ್ ಸೇರಿಸಿದ ಮಾತ್ರಕ್ಕೆ ಮರಳುವುದಿಲ್ಲ.

ಉತ್ತರ ಕರ್ನಾಟಕದ ಜವೆ ಗೋಧಿ

ಬಾಗಲಕೋಟೆ, ಬೆಳಗಾವಿ, ವಿಜಯಪುರ, ಧಾರವಾಡ ಜಿಲ್ಲೆಗಳ ಸೀಮೆಯಲ್ಲಿಯೂ ದಕ್ಷಿಣ ಮಹಾರಾಷ್ಟ್ರದಲ್ಲಿಯೂ ಬೆಳೆಯುವ ಒಂದು ಪ್ರಾಚೀನ ಗೋಧಿಗೆ ಜವೆ ಗೋಧಿ, ಸದಕ, ಖಪಲಿ ಎಂಬ ಹೆಸರುಗಳಿವೆ. ಇದರ ವೈಜ್ಞಾನಿಕ ಹೆಸರು ಟ್ರಿಟಿಕಂ ಡೈಕಾಕಂ. ಚಪಾತಿಗೆ ಬಳಸುವ ಸಾಮಾನ್ಯ ಗೋಧಿಯಲ್ಲಿ 42 ವರ್ಣತಂತುಗಳಿದ್ದರೆ ಇದರಲ್ಲಿ 28 ಇವೆ. ಒಕ್ಕಿದ ಮೇಲೂ ಕಾಳಿನ ಹೊರಗವಚ ಬಿಡದಿರುವುದರಿಂದ ಇದನ್ನು ಕುಟ್ಟಿ ಸಿಪ್ಪೆ ಬಿಡಿಸಬೇಕಾಗುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಡಿಡಿಕೆ 1025, ಡಿಡಿಕೆ 1029 ಮುಂತಾದ ಸುಧಾರಿತ ತಳಿಗಳನ್ನು ಬಿಡುಗಡೆ ಮಾಡಿದೆ. ಮಧುಮೇಹಿಗಳ ಆಹಾರದಲ್ಲಿ ಈ ಗೋಧಿಯ ಪರಿಣಾಮವನ್ನು ಕುರಿತು ಅಲ್ಲಿನ ಸಂಶೋಧಕರು ಅಧ್ಯಯನ ನಡೆಸಿದ್ದಾರೆ.

ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಹಬ್ಬ, ಜಾತ್ರೆ, ಮದುವೆಗಳ ಊಟಕ್ಕೆ ಗೋಧಿ ಹುಗ್ಗಿ ಶೋಭೆ ತರುತ್ತದೆ. ಕುಟ್ಟಿದ ಗೋಧಿಯನ್ನು ಮೆತ್ತಗೆ ಬೇಯಿಸಿ ಬೆಲ್ಲ ಸೇರಿಸಿ ಮಾಡುವ ಈ ಖಾದ್ಯಕ್ಕೆ ಜವೆ ಗೋಧಿ ಶ್ರೇಷ್ಠವೆಂದು ಎಣಿಕೆ. ಮಾದಲಿ, ಶ್ಯಾವಿಗೆ, ಸಜ್ಜಕಗಳಿಗೂ ಇದನ್ನು ಬಳಸುವರು.

ಇತ್ತೀಚಿನ ವರ್ಷಗಳಲ್ಲಿ ಈ ಗೋಧಿ ಖಪಲಿ ಎಂಬ ಹೆಸರಿನಲ್ಲಿ ನಗರಗಳ ಆರೋಗ್ಯ ಆಹಾರದ ಅಂಗಡಿಗಳನ್ನು ತಲುಪಿ, ಸಾಮಾನ್ಯ ಗೋಧಿಗಿಂತ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತಿದೆ. ಇದರೊಂದಿಗೆ ಮೂರು ತಪ್ಪು ತಿಳಿವಳಿಕೆಗಳೂ ಹರಡಿವೆ.

ಮೊದಲನೆಯದು, ಖಪಲಿಯಲ್ಲಿ ಗ್ಲುಟೆನ್ ಇಲ್ಲ ಎಂಬುದು. ಇದು ಗೋಧಿಯ ಜಾತಿಯೇ ಆಗಿರುವುದರಿಂದ ಇದರಲ್ಲಿ ಗ್ಲುಟೆನ್ ಇದೆ. ಸೀಲಿಯಾಕ್ ಕಾಯಿಲೆ ಇರುವವರಿಗೆ ಇದು ವರ್ಜ್ಯ.

ಎರಡನೆಯದು ಹೆಸರಿನ ಗೊಂದಲ. ಕನ್ನಡದ ಅನೇಕ ಕಡೆ ಜವೆಗೋಧಿ ಎಂದರೆ ಬಾರ್ಲಿ. ಉತ್ತರ ಕರ್ನಾಟಕದ ಜವೆ ಗೋಧಿ ಬೇರೆಯೇ ಧಾನ್ಯ. ಕೊಲೆಸ್ಟರಾಲ್ ತಗ್ಗಿಸುವ ಬೀಟಾ ಗ್ಲೂಕಾನ್ ಸಮೃದ್ಧವಾಗಿರುವುದು ಬಾರ್ಲಿಯಲ್ಲಿ. ಬಾರ್ಲಿಯ ಗುಣವನ್ನು ಓದಿ ಖಪಲಿಯನ್ನು ಕೊಂಡರೆ ಆ ಫಲ ದೊರೆಯದು.

ಮೂರನೆಯದು, ಧಾನ್ಯ ಒಳ್ಳೆಯದಾದರೆ ಅದರ ಖಾದ್ಯಗಳೆಲ್ಲ ಮಧುಮೇಹಿಗಳಿಗೆ ಒಳ್ಳೆಯವು ಎಂಬುದು. ಹುಗ್ಗಿಗೆ ಕುಟ್ಟುವಾಗ ಹೊಟ್ಟಿನ ಸ್ವಲ್ಪ ಭಾಗ ಹೋಗುತ್ತದೆ, ಬಳಿಕ ಧಾರಾಳವಾಗಿ ಬೆಲ್ಲ ಸೇರುತ್ತದೆ. ಮಹಾಲಿಂಗಪುರದ ಬೆಲ್ಲಕ್ಕೆ ಹೆಸರಾದ ಈ ಸೀಮೆಯಲ್ಲಿ ಬೆಲ್ಲವು ಸಕ್ಕರೆಯಂತಲ್ಲ ಎಂಬ ಮಾತು ಕೇಳಿಬರುವುದುಂಟು. ಆದರೆ ಬೆಲ್ಲದ ಬಹುಭಾಗ ಸಕ್ಕರೆಯೇ. ಗೋಧಿಯ ನಾರು ಆ ಸಕ್ಕರೆಯನ್ನು ನಿರರ್ಥಕಗೊಳಿಸಲಾರದು.

ಊಟದ ನಾರು ಮತ್ತು ಪುಡಿಯ ನಾರು

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2020ರ ಶಿಫಾರಸಿನಂತೆ 2000 ಕಿಲೋಕ್ಯಾಲೊರಿ ಆಹಾರದಲ್ಲಿ ಸುಮಾರು 30 ಗ್ರಾಂ ನಾರು ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಎಂದು ಸೂಚಿಸಿದ್ದು, ಅದು ಆಹಾರದಲ್ಲಿ ಸಹಜವಾಗಿ ಇರುವ ನಾರಾಗಿರಬೇಕೆಂದು ಸ್ಪಷ್ಟಪಡಿಸಿದೆ. ಇದೇ ಸೂಚನೆಯು 2ರಿಂದ 5 ವರ್ಷದ ಮಕ್ಕಳಿಗೆ 15 ಗ್ರಾಂ, 6ರಿಂದ 9 ವರ್ಷದವರಿಗೆ 21 ಗ್ರಾಂ ಎಂದು ತಿಳಿಸುತ್ತದೆ.

ಒಂದು ಜೋಳದ ರೊಟ್ಟಿಗೆ 50 ಗ್ರಾಂ ಹಿಟ್ಟು ಬೇಕೆಂದು ಲೆಕ್ಕ ಹಿಡಿದರೆ, ಎರಡು ರೊಟ್ಟಿಗಳಿಂದ ಸುಮಾರು 10 ಗ್ರಾಂ ನಾರು ದೊರೆಯುತ್ತದೆ. ಎರಡು ಹೊತ್ತಿಗೆ ನಾಲ್ಕು ರೊಟ್ಟಿಯಾದರೆ 20 ಗ್ರಾಂ. ಅದರೊಂದಿಗೆ ಕಾಳಿನ ಪಲ್ಯ, ಮೆಂತ್ಯ ಅಥವಾ ಪುಂಡಿಯ ಸೊಪ್ಪು, ಹಸಿ ಸೌತೆ ಹಾಗೂ ಮೂಲಂಗಿ, ಅಗಸಿ ಚಟ್ನಿ ಸೇರಿದರೆ 30 ಗ್ರಾಂ ಸಮೀಪಿಸುವುದು ಕಷ್ಟವಲ್ಲ. ಅಗಸಿ ಮತ್ತು ಮೆಂತ್ಯ ಕಾಳುಗಳು ನೀರಿನಲ್ಲಿ ಲೋಳೆಯಾಗುವ ಕರಗುವ ನಾರನ್ನು ಒದಗಿಸುತ್ತವೆ.

ಅದೇ ನಾಲ್ಕು ರೊಟ್ಟಿಯ ಹಿಟ್ಟಿನ ಬದಲು 200 ಗ್ರಾಂ ಪಾಲಿಶ್ ಅಕ್ಕಿಯ ಅನ್ನವನ್ನು ಉಂಡರೆ ದೊರೆಯುವ ನಾರು ಸುಮಾರು 5.6 ಗ್ರಾಂ ಮಾತ್ರ. ಅಂದರೆ ದಿನಕ್ಕೆ 14 ಗ್ರಾಂಗೂ ಹೆಚ್ಚು ನಾರು ಕಡಿಮೆಯಾಗುತ್ತದೆ. ಎರಡು ಚಮಚಕ್ಕೆ 3 ಗ್ರಾಂ ನಾರನ್ನು ಕೊಡುವ ಪುಡಿಯಿಂದ ಈ ಕೊರತೆಯನ್ನು ತುಂಬಲು ದಿನಕ್ಕೆ ಒಂಬತ್ತು ಹತ್ತು ಚಮಚ ಬೇಕಾಗುತ್ತದೆ. ಆಗಲೂ ಕರಗದ ನಾರಿನ ಕೊರತೆ ಹಾಗೆಯೇ ಉಳಿಯುತ್ತದೆ.

ಹಾಗೆಂದು ಪುಡಿ ನಿರುಪಯೋಗಿಯೆಂದು ಭಾವಿಸಬೇಕಾಗಿಲ್ಲ. ಕೇವಲ ಕರಗುವ ನಾರನ್ನು ಗಮನಿಸಿದರೆ ಎರಡು ಚಮಚ ಪುಡಿಯಲ್ಲಿ ಎರಡು ರೊಟ್ಟಿಗಿಂತ ಹೆಚ್ಚು ಕರಗುವ ನಾರಿದೆ. ಹಲ್ಲಿಲ್ಲದ ಕಾರಣ ರೊಟ್ಟಿ ಮತ್ತು ಹಸಿ ತರಕಾರಿಗಳನ್ನು ತಿನ್ನಲಾಗದ ವೃದ್ಧರಿಗೆ, ಮೃದು ಅಥವಾ ದ್ರವ ಆಹಾರದಲ್ಲಿರುವ ರೋಗಿಗಳಿಗೆ, ಲೋಳೆಯ ಪದಾರ್ಥವನ್ನು ನುಂಗಲಾರದವರಿಗೆ ವೈದ್ಯರ ಅಥವಾ ಆಹಾರ ತಜ್ಞರ ಸಲಹೆಯಂತೆ ಇದು ನೆರವಾಗಬಲ್ಲದು. ಅದು ಊಟಕ್ಕೆ ಪೂರಕವೇ ಹೊರತು ಊಟದ ಬದಲಿಯಲ್ಲ.

ಬಳಕೆಯಲ್ಲಿ ಎಚ್ಚರಿಕೆ

– ನಾರಿನ ಪ್ರಮಾಣವನ್ನು ಒಮ್ಮೆಲೇ ಹೆಚ್ಚಿಸದೆ ಕೆಲವು ದಿನಗಳಲ್ಲಿ ಕ್ರಮೇಣ ಹೆಚ್ಚಿಸಬೇಕು. ಸಾಕಷ್ಟು ನೀರು ಕುಡಿಯಬೇಕು.
– ನಿತ್ಯ ಔಷಧ ಸೇವಿಸುವವರು ಔಷಧ ಮತ್ತು ನಾರಿನ ಪೂರಕಗಳ ನಡುವೆ ಎಷ್ಟು ಅಂತರವಿರಬೇಕೆಂದು ವೈದ್ಯರನ್ನು ಕೇಳಬೇಕು.
– ಮಧುಮೇಹಿಗಳು ಪೂರಕವನ್ನು ಆರಂಭಿಸಿದ ಮಾತ್ರಕ್ಕೆ ಔಷಧವನ್ನು ನಿಲ್ಲಿಸಬಾರದು, ಕಡಿಮೆ ಮಾಡಲೂಬಾರದು.
– ಮಲಬದ್ಧತೆ ಹೊಸದಾಗಿ ಆರಂಭವಾಗಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಅಥವಾ ತೀವ್ರ ಹೊಟ್ಟೆನೋವಿದ್ದರೆ ಪೂರಕದಿಂದ ಸ್ವಯಂಚಿಕಿತ್ಸೆ ಮಾಡಿಕೊಳ್ಳದೆ ತಪಾಸಣೆಗೆ ಒಳಗಾಗಬೇಕು.
– ಘಟಕಗಳ ಪಟ್ಟಿಯಲ್ಲಿ ಗೋಧಿ ಡೆಕ್ಸ್‌ಟ್ರಿನ್, ಅರಾಬಿನೊಕ್ಸೈಲಾನ್, ಗೋಧಿ ಹೊಟ್ಟು ಇವುಗಳಲ್ಲಿ ಯಾವುದು ಇದೆ ಎಂಬುದನ್ನೂ, ಜೊತೆಗೆ ಸಕ್ಕರೆ ಸೇರಿದೆಯೇ ಎಂಬುದನ್ನೂ ನೋಡಬೇಕು.

ಇವನ್ನೂ ನೋಡಿ

– ಗೋಧಿ
– ಜೋಳ
– ಪಿಷ್ಟ
– ಇಸಬ್‌ಗೋಲ್
– ಸೀಲಿಯಾಕ್ ಕಾಯಿಲೆ
– ಮಧುಮೇಹ